‘ಆಳವಾಗಿ ಉಸಿರಾಡಿ’ ಎಂದರು, ಮಾಡಿದರೆ ತಲೆ ಸುತ್ತುತ್ತದೆ: ಎಲ್ಲಿ ತಪ್ಪುತ್ತಿದ್ದೇನೆ?

ರಾತ್ರಿಪಾಳಿ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವವನೇ ಹೊರತು ಬರೆಯುವವನಲ್ಲ. ಇವತ್ತು ಬೇರೆ ದಾರಿ ಕಾಣದೆ ಬರೆಯುತ್ತಿದ್ದೇನೆ.

ನನ್ನದು ಕಂಪ್ಯೂಟರ್ ಮುಂದಿನ ಕೆಲಸ, ಹೆಚ್ಚಾಗಿ ರಾತ್ರಿ ಪಾಳಿ. ಮೂರು ತಿಂಗಳಿಂದ ಒಂದು ಕಾಟ ಶುರುವಾಗಿದೆ. ಸುಮ್ಮನೆ ಕೂತಿರುವಾಗಲೇ ಎದೆ ಬಿಗಿದುಕೊಳ್ಳುತ್ತದೆ, ಉಸಿರು ಪೂರ್ತಿ ಒಳಗೆ ಇಳಿಯದೆ ಅರ್ಧ ದಾರಿಯಲ್ಲೇ ನಿಂತಂತೆ ಭಾಸವಾಗುತ್ತದೆ. ಆಕಳಿಸಿದರೆ, ಇಲ್ಲವೇ ದೊಡ್ಡದೊಂದು ಉಸಿರೆಳೆದರೆ ಒಂದು ಕ್ಷಣ ಸಮಾಧಾನ. ಮತ್ತೆ ಅದೇ ಕಥೆ. ವೈದ್ಯರು ಇಸಿಜಿ, ಎದೆಯ ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲ ಮಾಡಿಸಿದರು. ಹೃದಯಕ್ಕೂ ಶ್ವಾಸಕೋಶಕ್ಕೂ ಏನೂ ಆಗಿಲ್ಲ, ಇದು ಒತ್ತಡ, ದಿನವೂ ಆಳವಾಗಿ ಉಸಿರಾಡುವ ಅಭ್ಯಾಸ ಮಾಡಿ ಎಂದರು. ಹೇಗೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ನಲವತ್ತೊಂದು ವರ್ಷದಿಂದ ಉಸಿರಾಡುತ್ತಿರುವವನು ಉಸಿರಾಡುವುದು ಹೇಗೆ ಎಂದು ಕೇಳಲು ನಾಚಿಕೆಯಾಯಿತು.

ಮನೆಗೆ ಬಂದು ನನಗೆ ತಿಳಿದ ಹಾಗೆ ಮಾಡಿದೆ. ನೆಟ್ಟಗೆ ನಿಂತು, ಹೆಗಲು ಮೇಲೆತ್ತಿ, ಎದೆ ತುಂಬ ಗಾಳಿ ಎಳೆದು, ಬಿಟ್ಟು, ಮತ್ತೆ ಎಳೆದು. ಇಪ್ಪತ್ತು ಬಾರಿ ಮಾಡುವುದೆಂದು ಲೆಕ್ಕ. ಹದಿನೈದು ದಾಟುವಷ್ಟರಲ್ಲಿ ಬೆರಳ ತುದಿ ಜುಮುಗುಟ್ಟಿತು, ತುಟಿಯ ಸುತ್ತ ಜೋಮು ಹಿಡಿಯಿತು, ಕಣ್ಣು ಕತ್ತಲಿಟ್ಟಂತಾಗಿ ಗೋಡೆ ಹಿಡಿದುಕೊಂಡೆ. ಮೂರು ದಿನವೂ ಇದೇ. ‘ಕುಸ್ತಿಗೆ ನಿಂತವರ ಹಾಗೆ ಕಾಣುತ್ತೀರಿ’ ಎಂದು ಹೆಂಡತಿ ನಗುತ್ತಾಳೆ. ನನಗಂತೂ ಭಯ ಜಾಸ್ತಿಯಾಗಿದೆ. ಊರಿಗೆಲ್ಲ ಶಾಂತಿ ಕೊಡುವ ಉಸಿರು ನನಗೊಬ್ಬನಿಗೇ ಯಾಕೆ ಹೀಗೆ ಮಾಡುತ್ತಿದೆ?

ಹಿತ್ತಲಗಿಡ

ಗಾಬರಿಯಾಗಬೇಡಿ ಸರ್. ಆಮ್ಲಜನಕ ಒಮ್ಮೆಲೇ ಜಾಸ್ತಿ ಹೋದರೆ ತಲೆಗೇರುತ್ತದೆ, ಅಷ್ಟೇ. ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ಬಿಡದೆ ಮುಂದುವರಿಸಿ, ಮೈಯೊಳಗಿನ ವಿಷವೆಲ್ಲ ಹೊರಗೆ ಹೋಗುತ್ತದೆ.

ಪಕ್ಕೆಲುಬು

ದಯವಿಟ್ಟು ಹಾಗೆ ಮುಂದುವರಿಸಬೇಡಿ. ನಾನು ಫಿಸಿಯೋಥೆರಪಿಸ್ಟ್. ಶ್ವಾಸಕೋಶದ ಕಾಯಿಲೆ ಇರುವವರಿಗೆ, ಎದೆಯ ಶಸ್ತ್ರಚಿಕಿತ್ಸೆ ಆದವರಿಗೆ ಉಸಿರಾಟ ಕಲಿಸುವುದೇ ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ. ರಾತ್ರಿಪಾಳಿಯವರು ಬರೆದಿರುವುದನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ.

ಹಿತ್ತಲಗಿಡದವರೇ, ನಡೆಯುವುದು ನೀವು ಹೇಳಿದ್ದಕ್ಕೆ ತದ್ವಿರುದ್ಧ. ಜೋರಾಗಿ, ಬೇಗಬೇಗ ಉಸಿರಾಡಿದರೆ ರಕ್ತಕ್ಕೆ ಹೇಳಿಕೊಳ್ಳುವಷ್ಟು ಹೆಚ್ಚು ಆಮ್ಲಜನಕ ಸೇರುವುದಿಲ್ಲ. ಆರೋಗ್ಯವಂತರ ರಕ್ತದಲ್ಲಿ ಅದು ಮೊದಲೇ ಶೇ. 95ರಿಂದ 100ರಷ್ಟು ತುಂಬಿರುತ್ತದೆ. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯುತ್ತೀರಿ? ಆದರೆ ಇಂಗಾಲದ ಡೈಆಕ್ಸೈಡ್ ಮಾತ್ರ ಹೊರಗೆ ಹೋಗಿಬಿಡುತ್ತದೆ. ಅದನ್ನು ಬರೀ ಕಸ ಎಂದುಕೊಂಡಿದ್ದೇವೆ, ಕಸವಲ್ಲ. ಮಿದುಳಿನ ರಕ್ತನಾಳ ಎಷ್ಟು ಹಿಗ್ಗಿರಬೇಕು ಎಂಬುದು ಬಹುಮಟ್ಟಿಗೆ ಅದರ ಕೈಯಲ್ಲಿದೆ. ಅದು ಕಡಿಮೆಯಾದರೆ ರಕ್ತನಾಳ ಕುಗ್ಗುತ್ತದೆ, ಮಿದುಳಿಗೆ ಹೋಗುವ ರಕ್ತವೇ ಇಳಿಯುತ್ತದೆ, ತಲೆ ಹಗುರಾಗುತ್ತದೆ. ರಕ್ತ ಕ್ಷಾರದ ಕಡೆಗೆ ವಾಲುತ್ತದೆ, ಅದರಿಂದ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಕಡಿಮೆಯಾಗಿ ನರಗಳು ಕೆರಳುತ್ತವೆ. ಬೆರಳು, ತುಟಿ ಜುಮುಗುಟ್ಟುವುದು ಅದಕ್ಕೇ. ಇದರ ಮೇಲೆ ಇನ್ನೊಂದು ತಮಾಷೆ: ಇಂಗಾಲದ ಡೈಆಕ್ಸೈಡ್ ಇಳಿದಾಗ ಹಿಮೋಗ್ಲೋಬಿನ್ ತನ್ನಲ್ಲಿರುವ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಬೇಕಾದಲ್ಲಿ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಡೆನ್ಮಾರ್ಕಿನ ಕ್ರಿಶ್ಚಿಯನ್ ಬೋರ್ 1904ರಲ್ಲೇ ಇದನ್ನು ವಿವರಿಸಿದರು. ಪರಮಾಣುವಿನ ರಚನೆ ವಿವರಿಸಿದ ನೀಲ್ಸ್ ಬೋರ್ ಇದ್ದಾರಲ್ಲ, ಅವರ ತಂದೆ ಇವರು.

ಈಗ ನಿಮ್ಮ ಲೆಕ್ಕ ನೋಡೋಣ. ಆರಾಮವಾಗಿ ಕೂತಿರುವ ದೊಡ್ಡವರು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರ್ ಗಾಳಿ ಎಳೆಯುತ್ತಾರೆ, ನಿಮಿಷಕ್ಕೆ 12ರಿಂದ 20 ಉಸಿರು. ಅಂದರೆ ನಿಮಿಷಕ್ಕೆ ಆರು, ಎಂಟು ಲೀಟರ್ ಗಾಳಿ ಬೇಕಾದಷ್ಟಾಯಿತು. ನೀವು ಒಂದೊಂದು ಬಾರಿಗೆ ಒಂದೂವರೆ ಲೀಟರ್‌ನಂತೆ ನಿಮಿಷಕ್ಕೆ ಇಪ್ಪತ್ತು ಎಳೆದರೆ ಮೂವತ್ತು ಲೀಟರ್. ನಿಂತಲ್ಲೇ ನಿಂತು, ಓಡುವವರ ಉಸಿರಾಡಿದ್ದೀರಿ. ತಲೆ ಸುತ್ತದೆ ಇನ್ನೇನು ಮಾಡೀತು?

ಅರ್ಧಕ್ಕೇ ನಿಂತಂತೆ ಅನ್ನಿಸುವ ಉಸಿರಿನ ಬಗ್ಗೆಯೂ ಒಂದು ಮಾತು. ಈ ದೂರು ಹೇಳುವ ಎಷ್ಟೋ ಜನ ಬೇಕಿರುವುದಕ್ಕಿಂತ ಹೆಚ್ಚು ಉಸಿರಾಡುತ್ತಿರುತ್ತಾರೆ, ಕಡಿಮೆಯಲ್ಲ. ಹಿಂದಿನ ಉಸಿರನ್ನು ಪೂರ್ತಿ ಹೊರಗೆ ಬಿಟ್ಟಿರುವುದಿಲ್ಲ, ಅದರ ಮೇಲೆ ಇನ್ನೊಂದು ಎಳೆಯುತ್ತಾರೆ. ಜಾಗವಿಲ್ಲದ ಕಡೆ ಗಾಳಿ ಎಲ್ಲಿ ಹೋಗಬೇಕು? ಅದಕ್ಕೆ ನನ್ನ ಮೊದಲ ಪಾಠ ಎಳೆಯುವುದಲ್ಲ, ಬಿಡುವುದು.

ಸಂಶಯಾತ್ಮ

ಪಕ್ಕೆಲುಬು ಮೇಡಂ, ಒಂದು ಪ್ರಶ್ನೆ. ಆಮ್ಲಜನಕ ಮೊದಲೇ ತುಂಬಿದೆ ಎಂದು ನೀವೇ ಹೇಳಿದಿರಿ. ನಾನೂ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಹತ್ತು ನಿಮಿಷ ‘ಆಳವಾಗಿ’ ಉಸಿರಾಡಿದೆ. 98 ಇದ್ದದ್ದು 98ರಲ್ಲೇ ಇತ್ತು. ಹಾಗಾದರೆ ಈ ಆಳದ ಉಸಿರಿನಿಂದ ಲಾಭವಾದರೂ ಏನು? ಎಲ್ಲರೂ ಹೇಳುತ್ತಿರುವುದು ಬರೀ ನಂಬಿಕೆಯೇ?

ಪಕ್ಕೆಲುಬು

ಒಳ್ಳೆಯ ಪ್ರಶ್ನೆ. ಲಾಭವನ್ನು ತಪ್ಪು ಜಾಗದಲ್ಲಿ ಹುಡುಕಿದಿರಿ, ಅಷ್ಟೇ.

ಮೊದಲು ದುಡಿಮೆಯ ಮಾತು. ಎಳೆದ ಗಾಳಿಯಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದುಬಿಡುತ್ತದೆ. ಗಾಳಿಯೂ ರಕ್ತವೂ ಭೇಟಿಯಾಗುವ ಗಾಳಿಚೀಲಗಳನ್ನು ಅದು ಮುಟ್ಟುವುದೇ ಇಲ್ಲ. ಈಗ ನಿಮಿಷಕ್ಕೆ ಆರು ಲೀಟರ್ ಗಾಳಿಯನ್ನು ಬೇರೆಬೇರೆ ರೀತಿ ಹಂಚಿ ನೋಡಿ. 250 ಮಿಲಿಲೀಟರಿನ ಮೇಲುಸಿರು 24 ಬಾರಿ ಎಳೆದರೆ ಗಾಳಿಚೀಲ ತಲುಪುವುದು 100 × 24, ಅಂದರೆ 2.4 ಲೀಟರ್. 500ರ ಉಸಿರು 12 ಬಾರಿ ಎಳೆದರೆ 4.2 ಲೀಟರ್. ಒಂದು ಲೀಟರಿನ ಉಸಿರು ಆರೇ ಬಾರಿ ಎಳೆದರೆ 5.1 ಲೀಟರ್. ಎಳೆದ ಗಾಳಿ ಅಷ್ಟೇ, ಕೆಲಸಕ್ಕೆ ಬಂದದ್ದು ಎರಡರಷ್ಟಕ್ಕಿಂತ ಹೆಚ್ಚು. ಹಾಗಾಗಿ ನಿಧಾನ ಉಸಿರಿನಲ್ಲಿ ಕಡಿಮೆ ಗಾಳಿಯೇ ಸಾಕಾಗುತ್ತದೆ, ಕುತ್ತಿಗೆ ಮತ್ತು ಹೆಗಲಿನ ಸ್ನಾಯುಗಳಿಗೆ ಸುಮ್ಮನೆ ದುಡಿಯುವುದು ತಪ್ಪುತ್ತದೆ. ದಿನವಿಡೀ ಮೇಲುಸಿರು ಬಿಡುವವರು ಸಂಜೆ ಕುತ್ತಿಗೆ ಹಿಡಿದುಕೊಂಡು ಬರುತ್ತಾರೆ. ಅರ್ಧ ಜನಕ್ಕೆ ಕಾರಣ ಗೊತ್ತಿರುವುದಿಲ್ಲ.

ಎರಡನೆಯದು, ನನ್ನ ಪ್ರಕಾರ ದೊಡ್ಡದು, ಹೃದಯ. ಈಗಲೇ ಮಣಿಕಟ್ಟಿನ ನಾಡಿಯ ಮೇಲೆ ಎರಡು ಬೆರಳಿಡಿ. ನಾಲ್ಕು ಎಣಿಸುತ್ತಾ ಉಸಿರೆಳೆಯಿರಿ, ಆರು ಎಣಿಸುತ್ತಾ ಬಿಡಿ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ನಿಮಗೇ ತಿಳಿಯುತ್ತದೆ: ಎಳೆಯುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಜಾಗ ಹೆಚ್ಚುತ್ತದೆ. ಇದು ದೋಷವಲ್ಲ, ಆರೋಗ್ಯದ ಲಕ್ಷಣ. ಮಿದುಳಿನಿಂದ ಹೊರಟು ಎದೆ, ಹೊಟ್ಟೆಯವರೆಗೆ ಇಳಿಯುವ ವೇಗಸ್ ನರ ಹೃದಯಕ್ಕೆ ಬ್ರೇಕ್ ಇದ್ದಂತೆ. ಉಸಿರೆಳೆಯುವಾಗ ಬ್ರೇಕ್ ಸಡಿಲ, ಬಿಡುವಾಗ ಬಿಗಿ. ಹೊರಗೆ ಬಿಡುವುದನ್ನು ಉದ್ದ ಮಾಡಿದಷ್ಟೂ ಬ್ರೇಕ್ ಮೇಲೆ ಕಾಲಿಟ್ಟ ಹೊತ್ತು ಹೆಚ್ಚು.

ಹೃದಯಕ್ಕೆ ‘ನಿಧಾನವಾಗು’ ಎಂದು ನಾವು ನೇರವಾಗಿ ಹೇಳಲಾರೆವು. ಜೀರ್ಣಕ್ಕೂ ಬೆವರಿಗೂ ಹೇಳಲಾರೆವು. ತಾನಾಗಿಯೂ ನಡೆಯುವ, ನಾವು ಹೇಳಿದರೂ ಕೇಳುವ ಕೆಲಸ ಇವುಗಳಲ್ಲಿ ಉಸಿರು ಒಂದೇ. ಅದರ ಮೂಲಕ ಒಳಗೆ ಕೈ ಹಾಕುವುದು.

ಸಂಶಯಾತ್ಮ

ನಾಡಿ ಹಿಡಿದು ನೋಡಿದೆ. ನಿಜ. ಇಷ್ಟು ವರ್ಷ ಗಮನಿಸಿರಲಿಲ್ಲ ಎಂದು ಸ್ವಲ್ಪ ಸಿಟ್ಟೂ ಬಂತು.

ಕೊಳಲಿನ ಶಿಷ್ಯ

ನನ್ನದು ವಿಜ್ಞಾನವಲ್ಲ, ಪಾಠ ಕಲಿತ ಕಥೆ. ಕೊಳಲು ಕಲಿಯಲು ಸೇರಿದ ಮೊದಲ ಆರು ವಾರ ಗುರುಗಳು ನನ್ನ ಕೈಗೆ ಕೊಳಲು ಕೊಡಲೇ ಇಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಹೊಕ್ಕುಳಿನ ಮೇಲೆ ಒಂದು ದಪ್ಪ ನಿಘಂಟು ಇಟ್ಟರು. ‘ಪುಸ್ತಕ ಏಳಬೇಕು, ಎದೆ ಏಳಬಾರದು’ ಎಂದು ಹೇಳಿ ತಮ್ಮ ಕೆಲಸಕ್ಕೆ ಹೋದರು. ನಾನು ಮೊದಲ ದಿನ ಹೊಟ್ಟೆಯ ಸ್ನಾಯು ಬಿಗಿದು ಪುಸ್ತಕವನ್ನು ನೂಕಿದೆ. ಒಳಗಿನಿಂದಲೇ ಕೂಗಿದರು: ‘ನೂಕಬೇಡ, ಅದನ್ನು ಏಳಲು ಬಿಡು.’ ನೂಕುವುದಕ್ಕೂ ಏಳಲು ಬಿಡುವುದಕ್ಕೂ ಇರುವ ವ್ಯತ್ಯಾಸ ಹೊಳೆಯಲು ನನಗೆ ಹನ್ನೊಂದು ದಿನ ಬೇಕಾಯಿತು.

ಆಮೇಲೆ ದೀಪದ ಪಾಠ. ಒಂದು ಮೊಳ ದೂರದಲ್ಲಿ ಹಣತೆ. ತುಟಿ ಚೂಪು ಮಾಡಿ ಊದಬೇಕು, ಕುಡಿ ಬಾಗಬೇಕು, ಆರಬಾರದು, ನಡುಗಲೂಬಾರದು. ಬಾಗಿದ ಕುಡಿಯನ್ನು ಬಾಗಿದಂತೆಯೇ ಹದಿನೈದು ಎಣಿಕೆ ನಿಲ್ಲಿಸಬೇಕು. ಉಸಿರಿನ ತುದಿಗೆ ಬಂದಾಗ ಹೊಟ್ಟೆ ತಾನಾಗಿ ಒಳಗೆ ಸರಿಯುತ್ತದೆ, ಆಗ ಒಂದು ಕ್ಷಣ ಏನೂ ಇಲ್ಲ, ಎಳೆಯಬೇಕು ಅನ್ನಿಸುವುದೂ ಇಲ್ಲ. ಮುಂದಿನ ಉಸಿರು ಕರೆಯದೆಯೇ ಬರುತ್ತದೆ. ಇವತ್ತಿಗೂ ವೇದಿಕೆ ಹತ್ತುವ ಮುಂಚೆ ಕೈ ನಡುಗಿದರೆ ಮನಸ್ಸಿನಲ್ಲೇ ಒಂದು ಹಣತೆ ಇಟ್ಟುಕೊಂಡು ಹತ್ತು ಸಾರಿ ಊದುತ್ತೇನೆ. ಕೈ ನಡುಕ ಪೂರ್ತಿ ಹೋಗುವುದಿಲ್ಲ, ನುಡಿಸುವಷ್ಟರ ಮಟ್ಟಿಗೆ ಇಳಿಯುತ್ತದೆ.

ಪಕ್ಕೆಲುಬು

ಆ ಗುರುಗಳಿಗೆ ನಮಸ್ಕಾರ ಹೇಳಿ. ನಾವು ಕಲಿಸುವುದೂ ಇದನ್ನೇ, ನಿಘಂಟಿನ ಬದಲು ಅಂಗೈ. ಎದೆಗೂಡಿನ ತಳದಲ್ಲಿ ಕೊಡೆಯಂತೆ ಹರಡಿದ ಸ್ನಾಯು ವಪೆ. ಸಂಕುಚಿಸಿದಾಗ ಅದು ಕೆಳಗಿಳಿದು ಚಪ್ಪಟೆಯಾಗುತ್ತದೆ, ಕೆಳಗಿರುವ ಹೊಟ್ಟೆಯ ಅಂಗಗಳು ಜಾಗಕ್ಕಾಗಿ ಮುಂದಕ್ಕೆ ಬರುತ್ತವೆ. ಪುಸ್ತಕ ಏಳುವುದು ಅದಕ್ಕೆ, ಹೊಟ್ಟೆಗೆ ಗಾಳಿ ಹೋಗಿ ಅಲ್ಲ. ‘ಹೊಟ್ಟೆಯಿಂದ ಉಸಿರಾಡಿ’ ಎಂದು ಹೇಳಿ ಹೇಳಿ ನಾವೇ ಜನರನ್ನು ದಾರಿ ತಪ್ಪಿಸಿದ್ದೇವೆ. ಒಬ್ಬರು ನನ್ನೆದುರು ಹೊಟ್ಟೆಯನ್ನು ಡೋಲಿನಂತೆ ಉಬ್ಬಿಸಿ, ಉಸಿರೇ ಎಳೆಯದೆ ಕೂತಿದ್ದರು! ಪಕ್ಕೆಲುಬಿನ ಕೆಳಭಾಗ ಎರಡೂ ಬದಿಗೆ ಅಗಲವಾಗುತ್ತಿದೆಯೇ ಎಂದೂ ನೋಡಿಕೊಳ್ಳಿ. ಸರಿಯಾದ ಉಸಿರು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ಹಿಂದಕ್ಕೂ ಹರಡುತ್ತದೆ.

ಉಬ್ಬಸದ ಗೆಳತಿ

ಎಲ್ಲರೂ ಆರೋಗ್ಯವಂತರ ಮಾತಾಡುತ್ತಿದ್ದೀರಿ, ನನ್ನಂಥವರದೂ ಒಂದಿಷ್ಟು ಇರಲಿ. ಏಳನೇ ವಯಸ್ಸಿನಿಂದ ಆಸ್ತಮಾ. ‘ಉಸಿರಾಟದ ವ್ಯಾಯಾಮ ಮಾಡು, ಪಂಪ್ (ಇನ್‌ಹೇಲರ್) ಬಿಟ್ಟುಬಿಡಬಹುದು’ ಎಂದು ಹೇಳಿದವರ ಪಟ್ಟಿ ಮಾಡಿದರೆ ಈ ಪುಟ ಸಾಲದು. ಒಮ್ಮೆ ಅವರ ಮಾತು ಕೇಳಿ ಪಂಪ್ ಬಿಟ್ಟೆ ಕೂಡ. ನಾಲ್ಕನೆಯ ರಾತ್ರಿ ಕಿಟಕಿಯ ಸರಳು ಹಿಡಿದುಕೊಂಡು ಬೆಳಗು ಮಾಡಿದೆ. ಬಿಗಿದುಕೊಂಡ ಶ್ವಾಸನಾಳವನ್ನು ಸಡಿಲಿಸುವುದು ಔಷಧ. ವ್ಯಾಯಾಮ ಅದರ ಜೊತೆಗೆ, ಅದರ ಬದಲಿಗೆ ಅಲ್ಲ.

ಜೊತೆಗೆ ಮಾಡಿದ್ದರಿಂದ ಲಾಭವಾಗಿದೆಯೇ? ಆಗಿದೆ. ಏದುಸಿರು ಶುರುವಾದಾಗ ಮೊದಲು ಬರುವುದು ಭಯ, ಭಯದಿಂದ ಉಸಿರು ಇನ್ನಷ್ಟು ಬೇಗ, ಬೇಗವಾದಷ್ಟೂ ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ಸುಳಿಯನ್ನು ಮುರಿಯಲು ಬಂದಿದೆ. ಪಂಪ್ ತೆಗೆದುಕೊಂಡು, ಅದು ಕೆಲಸ ಶುರು ಮಾಡುವವರೆಗಿನ ಆ ಕೆಲವು ನಿಮಿಷ ಮುಂದಕ್ಕೆ ಬಾಗಿ, ಮೊಣಕೈ ಮೇಜಿಗೆ ಊರಿ, ಸೀಟಿ ಊದುವ ಹಾಗೆ ತುಟಿ ಮಾಡಿ ಮೆಲ್ಲಗೆ ಬಿಡುತ್ತೇನೆ. ತುಟಿ ಕಿರಿದಾದರೆ ಒಳಗೆ ಸ್ವಲ್ಪ ಒತ್ತಡ ಉಳಿದು, ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲ ಎಂದು ನನಗೆ ಹೇಳಿಕೊಟ್ಟಿದ್ದಾರೆ.

ಇನ್ನೊಂದು, ಮೂಗು. ಬಾಯಲ್ಲಿ ಉಸಿರಾಡಬೇಡಿ ಎಂದು ಅಮ್ಮ ಗದರುತ್ತಿದ್ದದ್ದು ಸರಿಯೇ ಇತ್ತು. ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ, ಧೂಳು ಸೋಸಿ ಒಳಗೆ ಕಳಿಸುವ ಅಂಗ ಅದೊಂದೇ. ತಂಪು, ಒಣ ಗಾಳಿ ನೇರವಾಗಿ ಬಾಯಿಂದ ಹೋದರೆ ನನಗೆ ಕೆಮ್ಮು ಗ್ಯಾರಂಟಿ.

ಮೌನಿ ಮೇಷ್ಟ್ರು

ಇಪ್ಪತ್ತಾರು ವರ್ಷದಿಂದ ಯೋಗ ಕಲಿಸುತ್ತಿದ್ದೇನೆ. ಇಲ್ಲಿ ಪ್ರಾಣಾಯಾಮದ ಹೆಸರೇ ಬಂದಿಲ್ಲವಲ್ಲ ಎಂದು ನೋಡುತ್ತಿದ್ದೆ. ಈಗ ಯಂತ್ರ ಹಿಡಿದು ಅಳೆಯುತ್ತಿರುವ ಎಷ್ಟೋ ಸಂಗತಿಗಳನ್ನು ನಮ್ಮ ಹಿರಿಯರು ಕೂತು ಗಮನಿಸಿಯೇ ಕಂಡುಕೊಂಡಿದ್ದರು. ಒಳಕ್ಕೆಳೆಯುವ ಪೂರಕ, ಹೊರಬಿಡುವ ರೇಚಕ, ನಿಲ್ಲಿಸುವ ಕುಂಭಕ. ಇದರಲ್ಲಿ ರೇಚಕ ಪೂರಕಕ್ಕಿಂತ ದೀರ್ಘವಾಗಿರಲಿ ಎಂಬುದು ಹಳೆಯ ಪಾಠ. ಒಂದು ಹೊತ್ತಿನಲ್ಲಿ ಒಂದೇ ಹೊಳ್ಳೆ ಹೆಚ್ಚು ತೆರೆದಿರುತ್ತದೆ, ಕೆಲವು ಗಂಟೆಗೊಮ್ಮೆ ಬದಲಾಗುತ್ತದೆ ಎಂಬುದನ್ನೂ ಯೋಗಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ಪಾಶ್ಚಾತ್ಯ ವೈದ್ಯದಲ್ಲಿ ಅದನ್ನು ರಿಚರ್ಡ್ ಕೈಸರ್ ಬರೆದದ್ದು 1895ರಲ್ಲಿ.

ಆದರೆ ನನ್ನ ದೂರು ನನ್ನವರ ಮೇಲೆಯೇ. ಇವತ್ತು ಸೇರಿದವರಿಗೆ ನಾಳೆಯೇ ಕಪಾಲಭಾತಿ, ಭಸ್ತ್ರಿಕಾ ಹೇಳಿಕೊಡುತ್ತಾರೆ. ಅವು ರಭಸದ ಕ್ರಿಯೆಗಳು. ಗರ್ಭಿಣಿಯರು, ರಕ್ತದೊತ್ತಡ ಹೆಚ್ಚಿರುವವರು, ಹೃದ್ರೋಗಿಗಳು, ಹರ್ನಿಯಾ ಇರುವವರು, ಮೂರ್ಛೆ ರೋಗದವರು ಅದರ ತಂಟೆಗೆ ಹೋಗಬಾರದು. ಸಿಂಹ, ಆನೆ, ಹುಲಿಗಳನ್ನು ಹೇಗೆ ಮೆಲ್ಲಮೆಲ್ಲನೆ ಪಳಗಿಸುತ್ತಾರೋ ಹಾಗೆ ಉಸಿರನ್ನು ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ ಎಂದು ಹಠಯೋಗಪ್ರದೀಪಿಕೆ ಎಚ್ಚರಿಸುತ್ತದೆ. ರಾತ್ರಿಪಾಳಿಯವರು ಗೋಡೆ ಹಿಡಿದುಕೊಂಡದ್ದನ್ನು ಓದಿದಾಗ ನನಗೆ ಆ ಆನೆ ನೆನಪಾಯಿತು.

ಹೊಸಬರಿಗೆ ನಾನು ಹೇಳಿಕೊಡುವುದು ಭ್ರಾಮರಿ. ಮೂಗಿನಿಂದ ಉಸಿರೆಳೆದು, ಬಾಯಿ ಮುಚ್ಚಿ, ದುಂಬಿಯ ಹಾಗೆ ಗುಂಯ್‌ಗುಡುತ್ತಾ ಬಿಡುವುದು. ರೇಚಕ ತಾನಾಗಿ ಉದ್ದವಾಗುತ್ತದೆ, ಎಣಿಸುವ ತಲೆಬಿಸಿ ಇಲ್ಲ.

ಸಂಶಯಾತ್ಮ

ಮೇಷ್ಟ್ರೇ, ಗುಂಯ್‌ಗುಡುವುದರ ಬಗ್ಗೆ ನಿಮ್ಮ ಪರವಾಗಿಯೇ ಒಂದು ಮಾಹಿತಿ ಕೊಡುತ್ತೇನೆ. ಮೂಗಿನ ಅಕ್ಕಪಕ್ಕದ ಟೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಾಗುತ್ತದೆ, ಅದು ರಕ್ತನಾಳಗಳನ್ನು ಹಿಗ್ಗಿಸುತ್ತದೆ. 2002ರಲ್ಲಿ ಸ್ವೀಡನ್ನಿನ ವೈಟ್ಸ್‌ಬರ್ಗ್ ಮತ್ತು ಲುಂಡ್‌ಬರ್ಗ್ ಅಳೆದು ನೋಡಿದಾಗ, ಸುಮ್ಮನೆ ಉಸಿರು ಬಿಡುವುದಕ್ಕಿಂತ ಗುಂಯ್‌ಗುಡುತ್ತಾ ಬಿಟ್ಟಾಗ ಮೂಗಿನಿಂದ ಹೊರಬಂದ ಆ ಅನಿಲ ಸುಮಾರು ಹದಿನೈದು ಪಟ್ಟು ಹೆಚ್ಚಿತ್ತು. ಆದರೆ ಇದನ್ನೇ ಹಿಡಿದುಕೊಂಡು ‘ದುಂಬಿಯ ನಾದದಿಂದ ಸಕಲ ರೋಗ ಪರಿಹಾರ’ ಎಂದು ಸಂದೇಶ ಹಂಚುವವರೂ ಇದ್ದಾರೆ. ಟೊಳ್ಳಿನಲ್ಲಿದ್ದ ಗಾಳಿ ಕಂಪನದಿಂದ ಹೊರಬಂತು ಎಂಬುದಷ್ಟೇ ಅಲ್ಲಿ ತಿಳಿದದ್ದು.

ಅಂದಹಾಗೆ, ಆ ಎಣಿಕೆಗಳ ಮೇಲೂ ನನಗೆ ಅಷ್ಟು ಭಕ್ತಿ ಇಲ್ಲ. ನಿಮಿಷಕ್ಕೆ ಐದೂವರೆ ಉಸಿರು ಎಂಬುದನ್ನು ಮಂತ್ರದಂತೆ ಹೇಳುತ್ತಾರೆ. 2023ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾನೂರು ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಐದೂವರೆ, ಇನ್ನೊಂದಕ್ಕೆ ಹನ್ನೆರಡು ಉಸಿರಿನ ಲಯ ಕೊಟ್ಟರು. ನಾಲ್ಕು ವಾರ ಕಳೆದ ಮೇಲೆ ಒತ್ತಡ, ಆತಂಕ ಎರಡೂ ಗುಂಪಿನಲ್ಲಿ ಇಳಿದಿತ್ತು. ಒಂದಕ್ಕಿಂತ ಇನ್ನೊಂದು ಮೇಲು ಎಂದು ಕಾಣಲಿಲ್ಲ. ಇದಕ್ಕೆ ಏನು ಹೇಳುತ್ತೀರಿ?

ಪಕ್ಕೆಲುಬು

ಆ ಪ್ರಯೋಗ ಓದಿದ್ದೇನೆ, ನನ್ನ ಕೊಬ್ಬನ್ನೂ ಸ್ವಲ್ಪ ಇಳಿಸಿತು. ಎರಡೂ ಗುಂಪಿನವರು ದಿನಕ್ಕೆ ಹತ್ತು ನಿಮಿಷ ಎಲ್ಲ ಬಿಟ್ಟು ಕೂತು ಉಸಿರನ್ನು ಗಮನಿಸಿದರಲ್ಲ, ಅದೇ ಅರ್ಧ ಔಷಧ ಇರಬಹುದು. ಹಾಗೆಂದು ನಿಮಿಷಕ್ಕೆ ಐದೂವರೆ, ಆರರ ಲಯಕ್ಕೆ ಅರ್ಥವೇ ಇಲ್ಲ ಎನ್ನಲಾರೆ. ನಮ್ಮ ರಕ್ತದೊತ್ತಡಕ್ಕೆ ತನ್ನದೇ ಒಂದು ಏರಿಳಿತವಿದೆ, ಸರಿಸುಮಾರು ಹತ್ತು ಸೆಕೆಂಡಿಗೊಂದು. ಉಸಿರನ್ನೂ ಹತ್ತು ಸೆಕೆಂಡಿಗೆ ಒಂದರಂತೆ ತಂದರೆ ಎರಡೂ ಅಲೆ ಒಂದರ ಮೇಲೊಂದು ಕೂಡಿಕೊಳ್ಳುತ್ತವೆ, ನಾಡಿಯ ಏರಿಳಿತ ಆಗ ಅತಿ ಹೆಚ್ಚು. ತೂಗುಯ್ಯಾಲೆಯನ್ನು ಅದರ ಲಯಕ್ಕೇ ತಳ್ಳಿದಂತೆ. 2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ದಿ ಮತ್ತು ಸಂಗಡಿಗರು ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ಅಳೆದರು. ಯಾರೂ ಎಣಿಸಿರಲಿಲ್ಲ, ಎರಡರಲ್ಲೂ ಉಸಿರು ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತು. ಎಲ್ಲೆಲ್ಲಿಯದೋ ಎರಡು ಪರಂಪರೆಗಳು ಒಂದೇ ಲಯಕ್ಕೆ ಬಂದಿದ್ದು ನನಗಂತೂ ಇವತ್ತಿಗೂ ಬೆರಗು.

ನನ್ನ ರೋಗಿಗಳಿಗೆ ಹೇಳುವುದು ಇಷ್ಟೇ: ಆರು ಬಂದರೆ ಸರಿ, ಎಂಟು ಬಂದರೂ ಸರಿ. ಲಯಕ್ಕಾಗಿ ಒದ್ದಾಡಿದರೆ ಒದ್ದಾಟವೇ ಉಳಿಯುತ್ತದೆ.

ಪದಪ್ರೇಮಿ

ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಬೈಯಬೇಡಿ. ‘ನಿಟ್ಟುಸಿರು’ ಎಂದರೆ ದುಃಖದ ಉಸಿರು ಎಂದೇ ಅಂದುಕೊಂಡಿದ್ದೆ. ಪದ ಬಿಡಿಸಿದರೆ ನಿಡು + ಉಸಿರು, ನೀಳವಾದ ಉಸಿರು, ಅಷ್ಟೇ. ದುಃಖವನ್ನು ನಾವು ಆಮೇಲೆ ಸೇರಿಸಿದ್ದು. ಭಾರ ಇಳಿದಾಗಲೂ ಅದೇ ನಿಟ್ಟುಸಿರು ಬರುತ್ತದಲ್ಲ! ನಮ್ಮಲ್ಲಿ ಉಸಿರು ಬಿಗಿಹಿಡಿಯುತ್ತೇವೆ, ಉಸಿರು ಕಟ್ಟುತ್ತದೆ, ಏದುಸಿರು ಬಿಡುತ್ತೇವೆ, ಉಸಿರಾಡಲೂ ಪುರುಸೊತ್ತಿಲ್ಲ ಎನ್ನುತ್ತೇವೆ. ಮನಸ್ಸಿನ ಸ್ಥಿತಿಯನ್ನೆಲ್ಲ ಉಸಿರಿನ ಮೇಲೆಯೇ ಹೇರಿಬಿಟ್ಟಿದೆ ಈ ಭಾಷೆ.

ಪಕ್ಕೆಲುಬು

ಅಡ್ಡದಾರಿಯಲ್ಲ, ಹೆದ್ದಾರಿಯೇ. ನಮಗೆ ಗೊತ್ತಾಗದಂತೆ ಸುಮಾರು ಐದು ನಿಮಿಷಕ್ಕೊಂದು ನಿಟ್ಟುಸಿರು ಬರುತ್ತಲೇ ಇರುತ್ತದೆ. ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಗಾಳಿಚೀಲಗಳಿವೆ. ಅವುಗಳಲ್ಲಿ ಕೆಲವು ಆಗಾಗ ಮುದುಡಿಕೊಳ್ಳುತ್ತವೆ. ಒಂದು ದೊಡ್ಡ ಉಸಿರು ಅವನ್ನು ಮತ್ತೆ ಬಿಡಿಸುತ್ತದೆ. ಉಸಿರಿನ ಲಯವನ್ನು ನಡೆಸುವುದು ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ನರಕೋಶಗಳ ಗುಂಪು. 1991ರಲ್ಲಿ ಗುರುತಿಸಿದ ಅದಕ್ಕೆ ಪ್ರಿ-ಬೋಟ್ಸಿಂಗರ್ ಎಂದು ಹೆಸರು, ಜರ್ಮನಿಯ ಒಂದು ದ್ರಾಕ್ಷಾರಸದಿಂದ ಬಂದ ಹೆಸರು. (ವಿಜ್ಞಾನಿಗಳ ಊಟದ ಮೇಜಿನ ಮಹಿಮೆ.) 2017ರಲ್ಲಿ ಇಲಿಗಳಲ್ಲಿ ಆ ಗುಂಪಿನ ಕೆಲವು ಕೋಶಗಳನ್ನು ತೆಗೆದಾಗ ಇಲಿಗಳು ಉಸಿರಾಡುತ್ತಲೇ ಇದ್ದವು, ಆದರೆ ವಿಚಿತ್ರವಾಗಿ ಶಾಂತವಾದವು. ಆ ಕೋಶಗಳು ಮಿದುಳನ್ನು ಎಚ್ಚರಿಸುವ ಕೇಂದ್ರಕ್ಕೆ ಉಸಿರಿನ ಸುದ್ದಿ ಮುಟ್ಟಿಸುತ್ತಿದ್ದವು. ಉಸಿರು ಓಡಿದರೆ ಮನಸ್ಸೂ ಓಡುವುದಕ್ಕೆ ಒಳಗೊಂದು ತಂತಿ ಇದೆ ಎಂದಾಯಿತು.

ಈ ನಿಟ್ಟುಸಿರನ್ನೇ ಅಭ್ಯಾಸ ಮಾಡಬಹುದು. ಮೂಗಿನಿಂದ ಎಳೆಯಿರಿ, ಅದರ ಮೇಲೆ ಇನ್ನೊಂದು ಪುಟ್ಟ ಎಳೆತ, ಆಮೇಲೆ ಬಾಯಿಂದ ನಿಧಾನವಾಗಿ ಪೂರ್ತಿ ಬಿಡಿ. 2023ರ ಇನ್ನೊಂದು ಅಧ್ಯಯನದಲ್ಲಿ ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಉಲ್ಲಾಸ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತು. ಸಂಶಯಾತ್ಮರು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಆತಂಕ ಮಾತ್ರ ಎಲ್ಲ ಗುಂಪಿನಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಇಳಿದಿತ್ತು.

ಆಳದ ಮೀನು

ಈಜುವವರಿಗೊಂದು ಮಾತು ಸೇರಿಸಲೇಬೇಕು. ನೀರಿಗಿಳಿಯುವ ಮುಂಚೆ ಬೇಗಬೇಗ ಇಪ್ಪತ್ತು ದೊಡ್ಡ ಉಸಿರೆಳೆದರೆ ಹೆಚ್ಚು ಹೊತ್ತು ಮುಳುಗಿರಬಹುದು ಎಂದು ಹುಡುಗರು ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ. ಉಸಿರಾಡಬೇಕೆಂಬ ತಹತಹ ಹುಟ್ಟಿಸುವುದು ಮುಖ್ಯವಾಗಿ ಆಮ್ಲಜನಕದ ಕೊರತೆಯಲ್ಲ, ಇಂಗಾಲದ ಡೈಆಕ್ಸೈಡಿನ ಏರಿಕೆ. ಅದನ್ನು ಮೊದಲೇ ಹೊರಗೆ ಹಾಕಿಬಿಟ್ಟರೆ ಎಚ್ಚರಿಕೆಯ ಗಂಟೆಯೇ ಬಾರಿಸುವುದಿಲ್ಲ. ಆಮ್ಲಜನಕ ಮುಗಿದು ನೀರೊಳಗೇ ಪ್ರಜ್ಞೆ ತಪ್ಪುತ್ತದೆ. ಒಳ್ಳೆಯ ಈಜುಗಾರರೇ ಹೀಗೆ ಸತ್ತಿದ್ದಾರೆ. ಉಸಿರು ಹಿಡಿಯುವ ಯಾವ ಪ್ರಯೋಗವನ್ನೂ ನೀರಿನಲ್ಲಿ ಒಬ್ಬರೇ ಮಾಡಬೇಡಿ. ವಾಹನ ಓಡಿಸುವಾಗಲೂ ಬೇಡ.

ಹಿತ್ತಲಗಿಡ

ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಳಿಸಬೇಕೆಂದಿದ್ದೆ, ಆದರೆ ಅಳಿಸಿದರೆ ಕೆಳಗಿನವರ ಮಾತಿಗೆ ತಲೆಬುಡ ಇರುವುದಿಲ್ಲ. ಇರಲಿ ಬಿಡಿ.

ರಾತ್ರಿಪಾಳಿ (ಇಪ್ಪತ್ತಮೂರು ದಿನಗಳ ನಂತರ)

ಎಲ್ಲರಿಗೂ ಉತ್ತರ ಕೊಡದೆ ಮಾಯವಾದದ್ದಕ್ಕೆ ಕ್ಷಮಿಸಿ. ಮಾಡಿ ನೋಡಿಯೇ ಬರೆಯೋಣ ಎಂದು ಸುಮ್ಮನಿದ್ದೆ.

ನಿಂತು ಮಾಡುವುದನ್ನು ಬಿಟ್ಟು ಮಲಗಿದೆ. ಮನೆಯಲ್ಲಿ ನಿಘಂಟು ಇರಲಿಲ್ಲ, ಮಗಳ ಗಣಿತ ಪುಸ್ತಕ ಇಟ್ಟುಕೊಂಡೆ. ಮೊದಲ ವಾರ ಪುಸ್ತಕ ಅಲುಗಲೇ ಇಲ್ಲ, ಹೆಗಲೇ ಏಳುತ್ತಿತ್ತು. ಎಳೆಯುವುದನ್ನು ಮರೆತು ಬಿಡುವುದನ್ನಷ್ಟೇ ನೋಡು ಎಂದು ನನಗೆ ನಾನೇ ಹೇಳಿಕೊಂಡೆ. ಒಂಬತ್ತನೆಯ ದಿನ ಉಸಿರು ಬಿಟ್ಟು ಮುಗಿದ ಮೇಲೆ ಒಂದು ಕ್ಷಣ ಖಾಲಿ ಇದ್ದೆ, ಆಮೇಲೆ ಪುಸ್ತಕ ತಾನೇ ಎದ್ದಿತು. ಅಷ್ಟು ಸುಲಭವಾಗಿ ಗಾಳಿ ಒಳಗೆ ಹೋದದ್ದು ನೆನಪೇ ಇಲ್ಲ. ಕಣ್ಣಲ್ಲಿ ನೀರು ಬಂತು, ಯಾಕೆಂದು ಗೊತ್ತಿಲ್ಲ.

ಇನ್ನೊಂದು ವಿಷಯ ಕಂಡುಹಿಡಿದೆ. ಕೆಲಸದಲ್ಲಿ ಒಂದು ಸಂದೇಶ ಬಂದು, ನಾನು ಅದನ್ನು ತೆರೆದು ಓದುವಷ್ಟು ಹೊತ್ತು ಉಸಿರೇ ಆಡುವುದಿಲ್ಲ! ದವಡೆ ಬಿಗಿದು, ಹೊಟ್ಟೆ ಒಳಗೆ ಎಳೆದುಕೊಂಡು ಕಲ್ಲಿನಂತೆ ಕೂರುತ್ತೇನೆ. ಓದಿ ಮುಗಿಸಿದ ಮೇಲೆ ಗಬಗಬ ಎರಡು ಉಸಿರು. ಒಂದು ಪಾಳಿಯಲ್ಲಿ ಇಂಥದ್ದು ನೂರು ಸಲವಾದರೂ ಆಗುತ್ತದೆ. ಎದೆ ಬಿಗಿಯುತ್ತದೆ ಎಂದು ವೈದ್ಯರ ಹತ್ತಿರ ಓಡಿದ್ದೆನಲ್ಲ, ಬಿಗಿಯುತ್ತಿದ್ದವನು ನಾನೇ. ಈಗ ಸಂದೇಶ ತೆರೆಯುವ ಮುಂಚೆ ಒಮ್ಮೆ ಉಸಿರು ಬಿಡುತ್ತೇನೆ. ಮರೆತುಹೋಗುವುದೇ ಹೆಚ್ಚು. ಮಾನಿಟರಿನ ಅಂಚಿಗೆ ಹಣತೆಯ ಚಿತ್ರ ಬರೆದ ಚೀಟಿ ಅಂಟಿಸಿದ್ದೇನೆ, ಸಹೋದ್ಯೋಗಿಗಳು ಇದೇನು ಹರಕೆಯೇ ಎಂದು ಕೇಳುತ್ತಾರೆ.

ಬಿಗಿತ ಪೂರ್ತಿ ಹೋಗಿಲ್ಲ. ವಾರಕ್ಕೆರಡು ಬಾರಿ ಬರುತ್ತದೆ. ಬಂದಾಗ ಗೋಡೆ ಹಿಡಿಯುವುದಿಲ್ಲ, ಅಷ್ಟು ವ್ಯತ್ಯಾಸ. ನಿಮಿಷಕ್ಕೆ ಹತ್ತೊಂಬತ್ತು ಉಸಿರು ಇದ್ದದ್ದು ಹದಿನಾಲ್ಕಕ್ಕೆ ಇಳಿದಿದೆ. ದಿನಕ್ಕೆ ಐದಾರು ಸಲ ಗಡಿಯಾರ ಇಟ್ಟುಕೊಂಡು ಎಣಿಸುತ್ತೇನೆ. ನಿನ್ನೆ ಹದಿನಾರು ಬಂತು, ಅದರಿಂದ ಸ್ವಲ್ಪ ಚಿಂತೆ.

ಪಕ್ಕೆಲುಬು

ಎದೆ ಬಿಗಿತದ ಜೊತೆ ಎಡಗೈ ನೋವು, ತಣ್ಣನೆ ಬೆವರು, ನಡೆದಾಗ ಏದುಸಿರು ಇಂಥದ್ದೇನಾದರೂ ಬಂದರೆ ಪುಸ್ತಕ ಎತ್ತಿಟ್ಟು ನೇರವಾಗಿ ಆಸ್ಪತ್ರೆಗೆ ಹೋಗಿ. ಅದನ್ನು ಬಿಟ್ಟರೆ ನೀವು ಬರೆದದ್ದೆಲ್ಲ ಒಳ್ಳೆಯ ಸುದ್ದಿ. ಎಣಿಸಲು ಕೂತರೆ ಯಾರ ಉಸಿರೂ ಸಹಜವಾಗಿರುವುದಿಲ್ಲ. ರೋಗಿಗೆ ತಿಳಿಯದಂತೆ, ನಾಡಿ ನೋಡುವ ನೆಪದಲ್ಲಿ ನಾವು ಉಸಿರೆಣಿಸುವುದು ಅದಕ್ಕೇ. ಗಡಿಯಾರವನ್ನು ಇನ್ನು ಬಿಟ್ಟುಬಿಡಿ.

ರಾತ್ರಿಪಾಳಿ

ಬಿಟ್ಟೆ, ಮೇಡಂ. ಗಣಿತ ಪುಸ್ತಕವನ್ನೂ ಬಿಡಬೇಕಾಗಿದೆ. ಮಗಳಿಗೆ ಪರೀಕ್ಷೆ.